ಶಹಾಪುರಕ್ಕಿಂತ ಒಂದು ಡಿಗ್ರಿ ಕಡಿಮೆ

ನಾನು ಮೂವತ್ತೊಂದು ವರ್ಷ ಸುರಪುರದ ಬಿಸಿಲು ಅಳೆದವನು. ಯಾವ ಇಲಾಖೆ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಕೆಲಸ ಸಣ್ಣದು. ಆಫೀಸಿನ ಹಿಂದೆ ಬಂಡೆಗಲ್ಲಿನ ದಿಬ್ಬ, ದಿಬ್ಬದ ಮೇಲೆ ನಾಲ್ಕು ಕಾಲಿನ ಒಂದು ಬಿಳಿ ಪೆಟ್ಟಿಗೆ, ಅದರ ಸುತ್ತ ಗಾಳಿಯಾಡುವ ಪಟ್ಟಿಗಳು, ಒಳಗೆ ಎರಡು ಥರ್ಮಾಮೀಟರ್. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ಬಾಗಿಲು ತೆಗೆದು, ಬಿಸಿಲು ಎಷ್ಟು ಏರಿತ್ತು ಎಷ್ಟು ಇಳಿದಿತ್ತು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಅದರ ನಕಲು ಮೇಲಿನ ಆಫೀಸಿಗೆ ಹೋಗಬೇಕು. ಅಲ್ಲಿ ಅದನ್ನು ಯಾರಾದರೂ ಓದಿದರೋ, ಅದರಲ್ಲಿ ಚುರುಮುರಿ ಕಟ್ಟಿದರೋ, ನನಗೆ ತಿಳಿಯದು. ನನ್ನ ಅಂಕಿಗಳನ್ನು ಮನಸಾರೆ ನಂಬಿದವಳು ಜಗತ್ತಿನಲ್ಲಿ ಒಬ್ಬಳೇ, ನನ್ನ ಮಗಳು. ಅವಳ ಆ ನಂಬಿಕೆಗೆ ನಾನು ಏನು ಮಾಡಿಟ್ಟೆ ಎಂಬುದನ್ನೇ ಈಗ ಹೇಳಹೊರಟಿರುವುದು.

ಇಷ್ಟು ಸಣ್ಣ ಕೆಲಸ ಮಾಡಿದವನಿಗೂ ಧ್ರುವದ ಹಿಮಕ್ಕೂ ಏನು ಜಗಳ ಎಂದು ನೀವು ಕೇಳಬಹುದು. ಜಗಳ ಇತ್ತು, ಜೋರಾಗಿಯೇ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ನಾನು ದಿನಾ ಕೂರುವ ಚಹಾದ ಹೋಟೆಲಿಗೆ ಪೇಪರು ಬರುತ್ತದೆ. ಆಗಾಗ ಅದರಲ್ಲಿ ಹಿಮ ಕರಗುವ ಸುದ್ದಿ. ಒಂದು ಬಿಳಿ ಕರಡಿ ಹೊರಸಿನಷ್ಟು ಅಗಲದ ಹಿಮದ ತುಂಡಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿರುವ ಫೋಟೋ. ಕೆಳಗೆ, ಇದಕ್ಕೆಲ್ಲ ಮನುಷ್ಯ ಎಬ್ಬಿಸಿದ ಹೊಗೆಯೇ ಕಾರಣ ಎಂದು ಬರೆದಿರುತ್ತಿತ್ತು. ಅದನ್ನು ಓದಿದ ಕೂಡಲೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬರ್ಫ ಕರಗತದ, ಒಪ್ಪತೀನಿ," ಎಂದು ನಾನು ಮೇಜು ಕುಟ್ಟುತ್ತಿದ್ದೆ. "ಕರಗದೇ ಏನ್ ಮಾಡತದ, ಅದರ ಹುಟ್ಟುಗುಣಾನೇ ಅದು. ಆದ್ರ ನಮ್ಮ ಹೊಗಿಲಿಂದ ಕರಗತದ ಅಂತ ಹೇಳಾಂವ ಯಾಂವ? ಅಲ್ಲಿ ಹೋಗಿ ಅಳದಾಂವ ಯಾಂವ?"

ಬಿಸಿಲು ಅಳೆಯುವವನೇ ಹೀಗೆ ಕೇಳಿದ ಮೇಲೆ ಹೋಟೆಲಿನಲ್ಲಿ ಎದುರು ಮಾತಾಡುವವರು ಯಾರು? ಎಲ್ಲರೂ ಹೌದೌದು ಎನ್ನುತ್ತಿದ್ದರು. ಹೋಟೆಲಿನ ಮಾಲೀಕ ಮಾತ್ರ ತನ್ನದೊಂದು ವಾದ ಇಟ್ಟುಕೊಂಡಿದ್ದ. "ಇದೆಲ್ಲಾ ಫ್ರಿಜ್ಜಿನ ಕೆಲಸ ಅದ ನೋಡ್ರೀ," ಎನ್ನುತ್ತಿದ್ದ. "ಮನಿಗೊಂದು ಫ್ರಿಜ್ ಬಂದಾವು. ಅವಕ್ಕ ಅಷ್ಟು ತಂಪು ಎಲ್ಲಿಂದ ಬರಬೇಕು? ಅಲ್ಲಿಂದನೇ ಎಳಕೋತಾವ." ನನ್ನ ವಾದ ಬೇರೆ. ಭೂಮಿ ಒಂದಿಷ್ಟು ವಾಲಿದೆ, ಅಷ್ಟೇ. ಹಳೆಯ ಬಂಡಿಯ ಗಾಲಿ ವಾಲುವುದಿಲ್ಲವೇ? ಮೊದಲು ನೆರಳಿದ್ದ ಕಡೆ ಈಗ ಬಿಸಿಲು ಬಿದ್ದಿದೆ. ಇದನ್ನು ನಾನು ಚಹಾದ ಬಸಿಯನ್ನು ವಾಲಿಸಿ ತೋರಿಸುತ್ತಿದ್ದೆ. ಮನೆಯಲ್ಲಿ ಹೆಂಡತಿಗೂ ತೋರಿಸಿದ್ದೆ. ಅವಳು ರೊಟ್ಟಿ ಬಡಿಯುತ್ತಾ, ತಲೆ ಎತ್ತದೆಯೇ, "ಆ ಬರ್ಫ ಕರಗಿದ ನೀರು ನಮ್ಮ ನಳಕ್ಕ ಬರತದೇನು? ಬರಂಗಿಲ್ಲಂದ್ರ ಬಸಿ ಕೆಳಗ ಇಡ್ರಿ, ಚಾ ಚೆಲ್ಲಾಕತ್ತದ," ಅಂದಳು.

ಆದರೆ ವಿಜ್ಞಾನಿಗಳನ್ನು ನಾನು ನಂಬದಿರಲು ನಿಜವಾದ ಕಾರಣ ವಾಲಿದ ಭೂಮಿಯಲ್ಲ. ಅದನ್ನು ಹೋಟೆಲಿನಲ್ಲಿ ಹೇಳುವ ಹಾಗಿರಲಿಲ್ಲ. ಅಳೆಯುವವರ ಹಕೀಕತ್ತು ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ನಾನೇ ಅಳೆಯುತ್ತಿರಲಿಲ್ಲ.

ಮೊದಲಿನ ಏಳು ವರ್ಷ ಅಳೆದೆ, ದೇವರಾಣೆ ಅಳೆದೆ. ಜ್ವರ ಬಂದರೂ ಹೋದೆ. ನನ್ನ ಮದುವೆಯ ದಿನ ಅರಿಶಿನದ ಮೈಯಲ್ಲೇ ದಿಬ್ಬ ಹತ್ತಿ ಬರೆದು ಬಂದವನು ನಾನು. ಬೀಗರು ಹುಡುಗ ಓಡಿಹೋದ ಎಂದು ಗಾಬರಿಯಾಗಿದ್ದರು. ಎಂಟನೆಯ ವರ್ಷ ಆ ಬಿಳಿ ಪೆಟ್ಟಿಗೆಯೊಳಗೆ ಜೇನು ಕಟ್ಟಿತು. ನಾನು ಎಂದಿನಂತೆ ಬಾಗಿಲು ತೆಗೆದೆ. ಆಮೇಲೆ ಆಗಿದ್ದನ್ನು ಹೇಳುವುದಿಲ್ಲ. ಎರಡು ದಿನ ಕಣ್ಣು ಬಿಡಲಾಗಲಿಲ್ಲ, ತುಟಿ ಬದನೆಕಾಯಿಯಷ್ಟಾಗಿತ್ತು, ಹೆಂಡತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಜೇನು ತೆಗೆಸಿಕೊಡಬೇಕೆಂದು ಮೇಲಿನ ಆಫೀಸಿಗೆ ಕಾಗದ ಬರೆದೆ. ಒಂದೂವರೆ ವರ್ಷದ ಮೇಲೆ ಉತ್ತರ ಬಂತು: ಸದರಿ ಜೇನು ಯಾವ ಜಾತಿಯದೆಂದು ಸ್ಥಳ ಪರಿಶೀಲಿಸಿ ವರದಿ ಮಾಡತಕ್ಕದ್ದು. ನೀವಾದರೆ ಹೋಗುತ್ತಿದ್ದಿರಾ?

ಅಲ್ಲಿಯವರೆಗೆ ರಿಜಿಸ್ಟರು ಖಾಲಿ ಬಿಡುವಂತಿಲ್ಲ. ಶಹಾಪುರದಲ್ಲಿ ನನ್ನ ಹಾಗೆಯೇ ಬಿಸಿಲು ಅಳೆಯುವ ಒಬ್ಬನಿದ್ದ. ಟ್ರೇನಿಂಗಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ಗೆಳೆಯರು. ಹೋಟೆಲಿನ ಪಕ್ಕದ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಮಾಡಿದೆ. "ಇವತ್ತ ಎಷ್ಟ ಬರದಿ?" ಎಂದು ಕೇಳಿದೆ. ಅವನು ಹೇಳಿದ. ಅದನ್ನೇ ಬರೆಯಲು ಪೆನ್ನು ಎತ್ತಿದವನು ತಡೆದೆ. ಸುರಪುರ ಎಂದರೆ ಏನು! ರಾಜರು ಆಳಿದ ಊರು, ಸುತ್ತ ಗುಡ್ಡ, ಕೋಟೆ. ಶಹಾಪುರದಷ್ಟೇ ಬಿಸಿಲು ನಮ್ಮ ಊರಿಗೂ ಅಂದರೆ ಮರ್ಯಾದೆ ಏನು ಉಳಿಯಿತು? ಒಂದು ಡಿಗ್ರಿ ಕಡಿಮೆ ಮಾಡಿ ಬರೆದೆ. ಊರಿಗೆ ನನ್ನ ಕೈಲಾದ ಸೇವೆ.

ಇದು ಅವನಿಗೆ ಹೇಗೋ ತಿಳಿಯಿತು. ಮರುವಾರದಿಂದ ಅವನೇ ಮೊದಲು ಫೋನು ಮಾಡಿ ನನ್ನ ಅಂಕಿ ಕೇಳತೊಡಗಿದ, ಕೇಳಿ ತನ್ನ ಊರಿಗೆ ಅದಕ್ಕಿಂತ ಒಂದಿಷ್ಟು ಕಡಿಮೆ ಬರೆಯತೊಡಗಿದ. ಮರುದಿನ ನಾನು ಮತ್ತಿಷ್ಟು ಇಳಿಸಿದೆ. ತೀರಾ ಇಳಿದುಹೋದಾಗ ಇಬ್ಬರಿಗೂ ಹೆದರಿಕೆಯಾಗಿ ಒಂದಿಷ್ಟು ಏರಿಸುತ್ತಿದ್ದೆವು. ಆದರೆ ಇಳಿಸಿದಷ್ಟು ಏರಿಸಲಿಲ್ಲ, ಇದನ್ನು ನೆನಪಿಡಿ. ಜೇನು ತಾನಾಗಿಯೇ ಎದ್ದು ಹೋಯಿತು. ನಾನು ಮಾತ್ರ ಹೋಟೆಲಿನಿಂದ ಏಳಲಿಲ್ಲ. ಮನೆಯಿಂದ ಎಂಟು ಗಂಟೆಗೆ ರಿಜಿಸ್ಟರು ಬಗಲಲ್ಲಿ ಇಟ್ಟುಕೊಂಡು ಹೊರಡುವುದು, ಹೋಟೆಲಿನಲ್ಲಿ ಮಿರ್ಚಿ ಭಜಿ, ಚಹಾ, ಶಹಾಪುರಕ್ಕೆ ಒಂದು ಫೋನು, ಒಂದು ಅಂಕಿ. ಹೀಗೆ ಇಪ್ಪತ್ತನಾಲ್ಕು ವರ್ಷ. ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ. ಶಹಾಪುರದವನು ಎಷ್ಟೇ ಇಳಿಸಿದರೂ ತನ್ನ ಪೆಟ್ಟಿಗೆ ನೋಡಿಯೇ ಇಳಿಸುತ್ತಾನಲ್ಲ, ಅದರ ಮೇಲೆ ನನ್ನದು ಅಂದಾಜು, ಅಷ್ಟೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈಗ ಹೇಳಿ, ಒಂದು ದಿಬ್ಬ ಹತ್ತಲು ನಾನೇ ಬೇಸರ ಪಟ್ಟವನು, ಅಲ್ಲಿ ಮೂಗು ಉದುರುವಂಥ ಚಳಿಯಲ್ಲಿ ಯಾವನೋ ದಿನಾ ಎದ್ದುಹೋಗಿ ಹಿಮ ಅಳೆಯುತ್ತಾನೆ ಎಂದರೆ ನಾನು ನಂಬಬೇಕೇ? ಅವರೂ ಗುಡಿಸಲಿನಲ್ಲಿ ಕೂತು ಚಹಾ ಕುಡಿಯುತ್ತಾ ಪಕ್ಕದ ಗುಡಿಸಲಿಗೆ ಫೋನು ಮಾಡುತ್ತಾರೆ. ನಾವು ಒಂದು ಕಡಿಮೆ ಬರೆದೆವು, ಅವರು ಒಂದು ಹೆಚ್ಚು ಬರೆಯುತ್ತಾರೆ. ಇದೇ ನನ್ನ ಒಳಗಿನ ವಾದವಾಗಿತ್ತು. ಇದನ್ನು ಯಾರೂ ಮುರಿಯಲಾರರು ಎಂದುಕೊಂಡಿದ್ದೆ.

ನನ್ನ ಮಗಳು ಹುಟ್ಟಿದ್ದು ಜೇನಿನ ಗಲಾಟೆಯ ನಂತರ. ಅವಳು ಕಂಡದ್ದು ಎಂಟು ಗಂಟೆಗೆ ರಿಜಿಸ್ಟರು ಹಿಡಿದು ಹೊರಡುವ ಅಪ್ಪನನ್ನು ಮಾತ್ರ. ಬಾಗಿಲಲ್ಲಿ ನಿಂತು ನನ್ನ ಛತ್ರಿ ಕೊಡುವುದು ಅವಳ ಕೆಲಸ. ಮಧ್ಯಾಹ್ನ ಬಂದರೆ, "ಅಪ್ಪಾ, ಇವತ್ತ ಎಷ್ಟದ?" ಎಂದು ಕೇಳಿ ತನ್ನ ಪಾಟಿಯ ಮೇಲೆ ಬರೆದುಕೊಳ್ಳುತ್ತಿದ್ದಳು. ಶಾಲೆಯಲ್ಲಿ ನಮ್ಮಪ್ಪ ವಿಜ್ಞಾನಿ ಎಂದು ಹೇಳಿ ಒಬ್ಬಳ ಜೊತೆ ಜುಟ್ಟು ಹಿಡಿದು ಜಗಳಾಡಿ ಬಂದಿದ್ದಳು. ಆ ದಿನ ನಾನು ಅವಳಿಗೆ ಭಜಿ ತಂದುಕೊಟ್ಟೆ.

ದೊಡ್ಡವಳಾಗಿ ಭೀಮರಾಯನಗುಡಿಯ ಕೃಷಿ ಕಾಲೇಜು ಸೇರಿದಳು. ಹೋದ ವರ್ಷ, ನಾನು ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾಗ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡ ವಿಷಯ, ಸುರಪುರ ಶಹಾಪುರದ ಹವೆ ಮೂವತ್ತು ವರ್ಷಗಳಲ್ಲಿ ಎಷ್ಟು ಬದಲಾಗಿದೆ ಎಂಬುದು. "ಅಪ್ಪಾ, ನಿನ್ನ ರಿಜಿಸ್ಟರ್ ಬೇಕು," ಅಂದಳು. ಆಫೀಸಿನಲ್ಲಿ ತಾನೇ ಬರೆದುಕೊಳ್ಳುವ ಯಂತ್ರ ಬಂದ ಮೇಲೆ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕುತ್ತಿದ್ದರು, ನಾನು ಅಭಿಮಾನಕ್ಕೆ ಮನೆಗೆ ತಂದಿಟ್ಟಿದ್ದೆ. ಟ್ರಂಕು ತೆಗೆದುಕೊಟ್ಟೆ. ಒಂದಿಷ್ಟು ಹೆದರಿಕೆಯಾದದ್ದು ನಿಜ. ಆದರೆ ಕಾಲೇಜಿನ ಪ್ರಾಜೆಕ್ಟನ್ನು ಯಾರು ಅಷ್ಟು ಕಣ್ಣಿಟ್ಟು ನೋಡುತ್ತಾರೆ ಎಂದು ಸುಮ್ಮನಾದೆ. ಅವಳು ಶಹಾಪುರದ ಗೆಳೆಯನ ಮನೆಗೂ ಹೋಗಿ ಅವನ ರಿಜಿಸ್ಟರೂ ತಂದಳು. ಅವನು ಖುಷಿಯಿಂದ ಕೊಟ್ಟನಂತೆ, ಮಹಾಶಯ.

ರಜೆಯಲ್ಲಿ ಇಡೀ ದಿನ ಕೂತು ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಒಂದು ದಿನ ಊಟದ ಹೊತ್ತಿಗೆ ಒಳಗಿನಿಂದ ಚೀರಿದಳು. "ಅಪ್ಪಾ! ನಮ್ಮ ಸುರಪುರ ತಂಪಾಗಾಕತ್ತದ! ಎಲ್ಲಾ ಕಡಿ ಕಾವು ಏರಾಕತ್ತದ, ನಮ್ಮಲ್ಲಿ ಇಳಿಯಾಕತ್ತದ. ಶಹಾಪುರಾನೂ ಹಂಗೇ!"

ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಆದದ್ದು ಆನಂದ. ತಟ್ಟೆ ಹಾಗೇ ಬಿಟ್ಟು ಹೋಟೆಲಿಗೆ ಓಡಿದೆ. ಮೇ ತಿಂಗಳ ನಡುಮಧ್ಯಾಹ್ನ. ಫ್ಯಾನಿನ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. "ಕೇಳ್ರಪಾ," ಅಂದೆ, "ನಾ ಇಷ್ಟ ದಿವಸ ಹೇಳಿದ್ದು ಕಾಲೇಜಿನ ಕಂಪ್ಯೂಟರ್ ಒಪ್ಪಕೊಂಡದ. ಸುರಪುರ ತಂಪಾಗಾಕತ್ತದ. ಆ ಬರ್ಫಿನ ಮಾತು ಎಲ್ಲಾ ಸುಳ್ಳ."

ಹೋಟೆಲಿನ ಮಾಲೀಕ ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ, ಕಂಕುಳು, ಹೊಟ್ಟೆ ಎಲ್ಲ ಒರೆಸಿಕೊಂಡು, ಟವೆಲು ಹಿಂಡಿ, "ಹೌದ್ರೀ," ಅಂದ. "ನಾನೂ ನೋಡಾಕತ್ತೀನಿ. ಮೊದಲಿನಂಗ ಬಿಸಲಿಲ್ಲ."

ನಾನು ಆ ಹಿಂಡಿದ ಟವೆಲನ್ನೇ ನೋಡಿದೆ. ನಾನು ಹೇಳಿದ್ದಕ್ಕೆ ಇವನು ತನ್ನ ಮೈಯ ಬೆವರನ್ನೇ ನಂಬದೆ ಹೋದನಲ್ಲ. ಮನೆಗೆ ವಾಪಸು ಬಂದರೆ ಮಗಳು ಇನ್ನೊಂದು ಸುದ್ದಿ ಹೇಳಿದಳು. ಅವಳ ಗೈಡ್ ಮೇಡಂಗೆ ಫೋನು ಮಾಡಿದ್ದಳಂತೆ. ಹೊರಗಿನಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಕಾಲೇಜಿಗೆ ಬರುವವರಿದ್ದರು. ಮುಂದಿನ ವಾರ ಅವರೆದುರು ಇವಳು ಇದನ್ನು ಹೇಳಬೇಕಂತೆ.

"ಮೇಡಂ ಕೇಳಿದ್ರು, ಅಂಕಿ ಬರೋಬ್ಬರಿ ಅದಾವೇನು ಅಂತ," ಅಂದಳು ಮಗಳು. "ನಾ ಅಂದೆ, ನಮ್ಮಪ್ಪ ಒಂದಿನಾನೂ ತಪ್ಪಿಸಿಲ್ರೀ ಮೇಡಂ, ನಾನೇ ಛತ್ರಿ ಕೊಡತಿದ್ದೆ."

ಹಿತ್ತಲಿಗೆ ಹೋಗಿ ಶಹಾಪುರದ ಗೆಳೆಯನಿಗೆ ಫೋನು ಹಚ್ಚಿದೆ.

"ಲೇ," ಅಂದೆ, "ಒಂದ ಮಾತು ಖರೇ ಹೇಳು. ನೀ ನಿನ್ನ ಪೆಟ್ಟಿಗಿ ದಿನಾ ನೋಡತಿದ್ದಿ ಇಲ್ಲೋ?"

"ನನ್ನ ಥರ್ಮಾಮೀಟರ್ ಒಡದಿತ್ತೋ ಮಾರಾಯಾ. ಹೊಸಾದು ಕಳಸ್ರಿ ಅಂತ ಬರದಿದ್ದೆ, ಕಳಸಲಿಲ್ಲ. ಅದಕ್ಕ ನಿಂದು ಕೇಳಿ ಬರೀತಿದ್ದೆ."

"ಯಾವಾಗ ಒಡದಿತ್ತು?"

"ನಿನಗ ಜೇನು ಕಡದಿತ್ತಲ್ಲ, ಅದೇ ವರ್ಷ. ಯಾಕ, ನೀ ನೋಡತಿದ್ದಿಲ್ಲೇನು?"

"ನೀ ನೋಡತಿದ್ದಿ ಅಂತ ನಾ ಬಿಟ್ಟಿದ್ದೆ!"

"ನೀ ನೋಡತಿದ್ದಿ ಅಂತ ನಾ ಸುಮ್ಮನಿದ್ದೆನಲ್ಲೋ ಬೇಕೂಫ!"

ಇಪ್ಪತ್ತನಾಲ್ಕು ವರ್ಷ ಎರಡು ತಾಲ್ಲೂಕಿನ ಬಿಸಿಲನ್ನು ಒಬ್ಬನೂ ನೋಡಿರಲಿಲ್ಲ. ಅವನೇ ಉಪಾಯ ಹೇಳಿದ. "ಸುಮ್ನಿರು. ಯಾರಿಗೂ ಗೊತ್ತಾಗಂಗಿಲ್ಲ. ಹುಡುಗಿಗೆ ನಂಬರ್ ಬರತಾವ, ನಮಗೂ ಹೆಸರು ಬರತದ. ಇಬ್ಬರೂ ಪಿಂಚಣಿದಾಗ ಅದೀವಿ, ನೆನಪಿಟ್ಕೊ."

ಎರಡು ದಿನ ಬಾಯಿ ಹೊಲಿದುಕೊಂಡೆ. ಅವಳು ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತು ಅಭ್ಯಾಸ ಮಾಡುತ್ತಿದ್ದಳು. ನಡುನಡುವೆ 'ಮೈ ಫಾದರ್' ಎಂದು ಕೇಳಿಸುತ್ತಿತ್ತು. ಅಷ್ಟು ಜನ ಬಲ್ಲವರು ಕೂತ ಸಭೆಯಲ್ಲಿ ಯಾವನಾದರೂ ಒಬ್ಬ ಎದ್ದು, ಮೇ ತಿಂಗಳಲ್ಲಿ ಸುರಪುರ ಇಷ್ಟು ತಂಪೇ, ಒಮ್ಮೆ ಹೊರಗೆ ಬಂದು ನಿಲ್ಲು ತಾಯಿ, ಎಂದರೆ? ನಗುವುದು ನನ್ನನ್ನು ನೋಡಿ ಅಲ್ಲ, ಅವಳನ್ನು ನೋಡಿ. ಹೇಳಿಬಿಟ್ಟರೆ ಅವಳ ಸಭೆ ಉಳಿಯುತ್ತದೆ, ಅಪ್ಪ ಹೋಗುತ್ತಾನೆ. ಎರಡನ್ನೂ ಉಳಿಸುವ ದಾರಿ ಇದೆಯೇ ಎಂದು ಹುಡುಕಿ ಹುಡುಕಿ ತಲೆ ಕೆಟ್ಟುಹೋಯಿತು. ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ನಾಷ್ಟಾದ ಹೊತ್ತಿಗೆ ಹೇಳಿದೆ. ಜೇನಿನಿಂದ ಹಿಡಿದು ಒಡೆದ ಥರ್ಮಾಮೀಟರಿನವರೆಗೆ ಎಲ್ಲ. ಮಗಳು ಕೈಯಲ್ಲಿ ಹಿಡಿದ ರೊಟ್ಟಿ ಹಾಗೇ ಹಿಡಿದುಕೊಂಡು ಕೇಳಿದಳು. ನಾನು ಮುಗಿಸಿದ ಮೇಲೆ ಮೊದಲು ಮಾತಾಡಿದವಳು ಹೆಂಡತಿ.

"ನನಗ ಗೊತ್ತಿತ್ತು," ಅಂದಳು.

"ಏನ್ ಗೊತ್ತಿತ್ತು?"

"ರಿಜಿಸ್ಟರ್ ನೋಡ್ರಿ. ಜೇನು ಕಡಿಯೂಕಿಂತ ಮೊದಲಿನವು ಸ್ವಚ್ಛ ಅದಾವ. ಆಮ್ಯಾಲಿನವು ಹಾಳಿಗೊಂದು ಭಜಿ ಎಣ್ಣಿ ಕಲಿ. ಬಿಸಲಾಗ ಭಜಿ ಕರದಿದ್ರೇನು ನೀವು?"

ಬೇರೆ ದಿನವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವು. ಮಗಳು ನಗಲಿಲ್ಲ. "ನಾ ಛತ್ರಿ ತಂದು ಕೊಡತಿದ್ದೆನಲ್ಲಪ್ಪಾ," ಅಂದಳು. "ಹೋಟೆಲಿಗೆ ಹೋಗಾಕ ಕೊಡತಿದ್ದೆನೇನು?"

ಜೇನು ಕಚ್ಚಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ನೋವಾದರೆ ನನಗೆ ಬರುವುದು ಸಿಟ್ಟು. "ಮೊದಲಿನ ಏಳು ವರ್ಷ ಖರೇ ಅದಾವ!" ಎಂದು ಕೂಗಿದೆ. "ಒಂದಿನ ಬಿಟ್ಟಿಲ್ಲ. ಅವನ್ನ ತಗೋ, ಉಳದದ್ದು ಒಲಿಗೆ ಹಾಕು."

"ಅವು ಖರೇ ಅಂತ ಹ್ಯಾಂಗ ನಂಬಲಿ?"

"ಹಡದ ಅಪ್ಪ ಹೇಳಾಕತ್ತೀನಿ, ನಂಬಂಗಿಲ್ಲೇನು?"

"ಅಪ್ಪ ಹೇಳಿದ್ದಂತನೇ ಎಲ್ಲಾ ನಂಬಿದ್ದೆ," ಅಂದಳು. "ಈಗ ತಾಳಿ ನೋಡತೀನಿ."

ತಾಳೆ ನೋಡುವುದು ಹೇಗೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು, ಪಾಠ ಹೇಳುವವರ ಹಾಗೆ. ಕಲಬುರಗಿಯಲ್ಲಿ ಒಬ್ಬ ಅಳೆದಿರುತ್ತಾನೆ, ರಾಯಚೂರಿನಲ್ಲಿ ಒಬ್ಬ, ಹೊಳೆಯ ಆಚೆ ಇನ್ನೊಬ್ಬ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಬಿಸಿಲು ಬಂದರೆ ಎಲ್ಲರಿಗೂ ಬರುತ್ತದೆ, ಮೋಡ ಕವಿದರೆ ಎಲ್ಲರಿಗೂ ಕವಿಯುತ್ತದೆ. ನಿಜವಾಗಿ ನೋಡಿ ಬರೆದಿದ್ದರೆ ಎಲ್ಲರ ಅಂಕಿ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು. ಹೋಟೆಲಿನಲ್ಲಿ ಕೂತು ಬರೆದವನದು ಬೇರೆಯೇ ಕುಣಿಯುತ್ತದೆ. ಶಹಾಪುರದ್ದೂ ನಮ್ಮದೂ ಒಂದೇ ಥರ ಇದ್ದುದರಿಂದ ತಾನು ಮೋಸ ಹೋದೆ, ಬೇರೆ ಊರಿನವು ತರಿಸದೇ ಇದ್ದದ್ದು ತನ್ನ ತಪ್ಪು ಅಂದಳು. ತನ್ನ ತಪ್ಪಂತೆ!

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. "ಹಂಗಾದ್ರ ಆ ಬರ್ಫಿನವರೂ ತಾಳಿ ನೋಡ್ಯಾರೇನು?" ಎಂದು ಕೇಳಿದೆ.

ಅವಳು ನನ್ನನ್ನು ಒಂದು ಥರ ನೋಡಿದಳು. "ನೋಡ್ಯಾರ. ಒಬ್ಬರಿಗೊಬ್ಬರು ಆಗದ ದೇಶದವರು ಬ್ಯಾರೆ ಬ್ಯಾರೆ ಅಳದಾರ. ಮ್ಯಾಲಿಂದ ಉಪಗ್ರಹ ಅಳದದ. ಅಲ್ಲಿ ಒಂದು ಡಿಗ್ರಿ ಕಡಿಮಿ ಬರಿ ಅನ್ನಾಕ ಶಹಾಪುರದ ಕಾಕಾ ಇಲ್ಲ."

"ಕರಗೋದು ಇರಲಿ. ಹೊಗಿಲಿಂದನೇ ಅಂತ ಹ್ಯಾಂಗ? ಭೂಮಿ ವಾಲಿದ್ರ?"

"ಆ ಬರ್ಫ ವರ್ಷಾ ವರ್ಷಾ ಒಂದರ ಮ್ಯಾಲೊಂದು ಕುಂತದ. ಅದರಾಗ ಆಗಿನ ಗಾಳಿ ಗುಳ್ಳಿಯಾಗಿ ಸಿಕ್ಕೊಂಡದ. ಆಳ ಕೊರದು ತಗದು ಆ ಗಾಳಿ ಪರೀಕ್ಷಾ ಮಾಡ್ಯಾರ. ಕಲ್ಲಿದ್ದಲು, ಎಣ್ಣಿ ಸುಡಾಕ ಹತ್ತಿದ ಮ್ಯಾಲ ಆ ಗಾಳಿ ಹ್ಯಾಂಗ ಬದಲಾಗ್ಯದ ಅನ್ನೋದು ಅಲ್ಲೇ ಅದ. ವಾಲೂದು, ಸೂರ್ಯಂದು, ಎಲ್ಲಾ ಲೆಕ್ಕ ಹಾಕಿ ನೋಡ್ಯಾರ. ಅವಿಷ್ಟರಿಂದ ಇಷ್ಟು ಜಲ್ದಿ ಕರಗಂಗಿಲ್ಲ." ಎದ್ದು ಕೈ ತೊಳೆದುಕೊಂಡಳು. "ಅದು ಬರ್ಫಿನ ರಿಜಿಸ್ಟರ್. ಅದನ್ನ ಯಾರೂ ಭಜಿ ತಿನಕೋತ ಬರದಿಲ್ಲ."

ಅಲ್ಲಿಗೆ ನನ್ನ ಮುರಿಯಲಾರದ ವಾದ ಮುರಿಯಿತು. ನಾನು ಜಗತ್ತಿನ ವಿಜ್ಞಾನಿಗಳನ್ನೆಲ್ಲ ನಂಬದೇ ಇದ್ದದ್ದು ಅವರೂ ನನ್ನಂಥವರೇ ಎಂದುಕೊಂಡಿದ್ದಕ್ಕೆ. ಇದಕ್ಕಿಂತ ದೊಡ್ಡ ಬೈಗುಳವನ್ನು ಅವರಿಗೆ ಬೇರೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಅಂದೇ ಅವಳು ಹಾಸ್ಟೆಲಿಗೆ ಹೊರಟುಹೋದಳು. ಬಸ್ಸಿನವರೆಗೆ ಬರುತ್ತೇನೆ ಅಂದರೆ, "ಬ್ಯಾಡ್ರಿ, ನೀವು ಕೂಡ್ರಿ," ಅಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಕರೆದ ಮಗಳು. ನಾಲ್ಕು ದಿನ ಫೋನಿಲ್ಲ. ತಾಳೆ ನೋಡಿದಳೋ, ಏನು ಬಂತೋ, ಒಂದೂ ಗೊತ್ತಾಗಲಿಲ್ಲ. ಆ ಏಳು ವರ್ಷ ನಿಜ ಎಂದು ನನಗೆ ಗೊತ್ತು, ಆದರೂ ಸಮಾಧಾನವಿರಲಿಲ್ಲ. ಒಂದು ವೇಳೆ ನನ್ನ ಥರ್ಮಾಮೀಟರೇ ಕೆಟ್ಟಿದ್ದರೆ? ಚಾಳೀಸು ಹಾಕಿಕೊಳ್ಳುವ ಮೊದಲಿನ ದಿನಗಳಲ್ಲಿ ಏಳನ್ನು ಒಂದು ಎಂದು ಓದಿದ್ದರೆ? ಮೆಟ್ರಿಕ್ ಪರೀಕ್ಷೆಯ ರಿಸಲ್ಟಿಗೂ ನಾನು ಹಾಗೆ ಕಾದಿರಲಿಲ್ಲ. ಹೋಟೆಲಿಗೆ ಒಮ್ಮೆ ಹೋದೆ. ಹೋಟೆಲಿನ ಮಾಲೀಕ, "ಏನ್ರೀ ಸಾಹೇಬ್ರ, ಇವತ್ತೂ ತಂಪದಲ್ರೀ," ಅಂದ, ಬೆವರು ಒರೆಸಿಕೊಳ್ಳುತ್ತಾ. "ಏನ್ ತಂಪು! ಬೆಂಕಿ ಬಿದ್ದಂಗ ಅದ, ಕಾಣಂಗಿಲ್ಲೇನು ನಿನಗ?" ಎಂದು ಬಾಯಿಗೆ ಬಂದಂತೆ ಬೈದು ಚಹಾ ಕುಡಿಯದೆ ಬಂದೆ. ಪಾಪ, ಅವನ ತಪ್ಪೇನಿತ್ತು!

ಸಭೆಯ ದಿನ ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಭೀಮರಾಯನಗುಡಿಗೆ ಹೋದೆ. ಶಹಾಪುರದ ಗೆಳೆಯನನ್ನೂ ಕರೆದೆ, ಅವನಿಗೆ ಹಠಾತ್ತನೆ ಹೊಟ್ಟೆನೋವು ಬಂತು. ಹಾಲಿನ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕೂತೆ. ಮಗಳು ವೇದಿಕೆ ಹತ್ತಿದಳು. ಹಸಿರು ಸೀರೆ ಉಟ್ಟಿದ್ದಳು, ಅವಳ ಅವ್ವನದು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಇಂಗ್ಲಿಷು ಬಿಟ್ಟು ಕನ್ನಡದಲ್ಲೇ ಮಾತಾಡಿದಳು. ಎತ್ತಿದ ಮೊದಲ ಮಾತೇ ನನ್ನ ಮೈಮೇಲೆ ಬಿಸಿನೀರು ಸುರಿದಂತೆ. ಸುರಪುರ, ಶಹಾಪುರ ತಂಪಾಗುತ್ತಿವೆ ಎಂದು ತಾನು ಮೊದಲು ಕಂಡುಕೊಂಡಿದ್ದು ತಪ್ಪು, ಆ ಇಪ್ಪತ್ತನಾಲ್ಕು ವರ್ಷಗಳ ಅಂಕಿಗಳನ್ನು ಯಾರೂ ನೋಡಿ ಬರೆದಿಲ್ಲ, ಅದಕ್ಕೆ ಅಷ್ಟನ್ನೂ ತೆಗೆದುಹಾಕಿದ್ದೇನೆ ಅಂದಳು. ಹಾಲಿನಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರು, "ನೋಡಿ ಬರೆದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತಮ್ಮ?" ಎಂದು ಕೇಳಿದರು.

"ಬರದವರೇ ಹೇಳಿದ್ರು ಸರ್," ಅಂದಳು.

"ತಾವಾಗಿಯೇ?"

"ತಾವಾಗೇ ರೀ."

ಆ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮ್ಮ ಇಡೀ ನೌಕರಿಯಲ್ಲಿ ಹಾಗೆ ಬಂದು ಹೇಳಿದವನನ್ನು ಕಂಡಿಲ್ಲ ಅಂದರು. ಜನ ನಕ್ಕರು. ನಾನು ಕಂಬಕ್ಕೆ ಇನ್ನಷ್ಟು ಒತ್ತಿ ಕೂತೆ.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಕಲಬುರಗಿಯ ಗೆರೆ, ರಾಯಚೂರಿನ ಗೆರೆ, ಹೊಳೆಯಾಚೆಯ ಗೆರೆ. ಬೇಸಿಗೆಗೆ ಏರಿ ಮಳೆಗೆ ಇಳಿದು ಮತ್ತೆ ಏರುವ ಮೂರು ಗೆರೆ. ಅವುಗಳ ನಡುವೆ ನಾಲ್ಕನೆಯದೊಂದು ಕೆಂಪು ಗೆರೆ, ಏಳು ವರ್ಷದಷ್ಟು ಉದ್ದದ್ದು. ಆ ಮೂರು ಏರಿದಲ್ಲಿ ಅದೂ ಏರಿತ್ತು, ಇಳಿದಲ್ಲಿ ಇಳಿದಿತ್ತು. ಎಲ್ಲಿಯೂ ಜೊತೆ ಬಿಟ್ಟಿರಲಿಲ್ಲ. ನಾನು ಎದ್ದು ನಿಂತುಬಿಟ್ಟೆ. ಹಿಂದೆ ಗೋಡೆ ಒಂದೇ ಇತ್ತು, ಯಾರೂ ಕೂಡ್ರಿ ಎನ್ನಲಿಲ್ಲ.

ಅಲ್ಲಿಯವರೆಗೆ ಅವಳು ನನ್ನ ಹೆಸರನ್ನೂ ಎತ್ತಿರಲಿಲ್ಲ, ಸಂಬಂಧವನ್ನೂ ಎತ್ತಿರಲಿಲ್ಲ. ಸುಳ್ಳು ಬರೆದವನನ್ನು ಬರೆದವರು ಎಂದಷ್ಟೇ ಕರೆದು ನನ್ನ ಮಾನ ಮುಚ್ಚಿದ್ದಳು. ಈಗ ಕೈಯಲ್ಲಿದ್ದ ಕೋಲನ್ನು ಆ ಕೆಂಪು ಗೆರೆಯ ಮೇಲೆ ಇಟ್ಟು, ಸೀದಾ ಕೊನೆಯ ಸಾಲಿನ ಕಡೆ ನೋಡಿದಳು.

"ಇವನ್ನ ತಾಳಿ ನೋಡೀನ್ರೀ, ಖರೇ ಅದಾವ," ಅಂದಳು. "ಇವು ನಮ್ಮಪ್ಪ ಬರದದ್ದು."